ಹೊನ್ನೂರಿನಲ್ಲಿ ಟ್ಯುಲಿಪ್ ಅರಳೀತೇ?

ಪ್ರಶ್ನೆ: ಟ್ಯುಲಿಪ್ ಗೆಡ್ಡೆ ತರಿಸಿ ನಮ್ಮ ಹಿತ್ತಲಲ್ಲಿ ನೆಟ್ಟರೆ ಯುಗಾದಿ ಹೊತ್ತಿಗೆ ಹೂ ಬಿಟ್ಟೀತೇ?
– ಓದುಗರೊಬ್ಬರು, ಹೊನ್ನೂರು, ಯಳಂದೂರು ತಾಲ್ಲೂಕು

ಉತ್ತರ: ಎಲೆ ಬಂದೀತು, ಹೂವಿನ ಭರವಸೆ ಕೊಡಲಾರೆ. ಟ್ಯುಲಿಪ್ ಗೆಡ್ಡೆಯೊಳಗೆ ಮೊಗ್ಗು ಮೊದಲೇ ರೂಪುಗೊಂಡಿರುತ್ತದೆ. ಆದರೆ ಹೂದಂಟು ಉದ್ದವಾಗಬೇಕಾದರೆ ಅದು ಮೂರು ತಿಂಗಳಿಗೂ ಹೆಚ್ಚು ಕಾಲ ಕೊರೆಯುವ ಚಳಿ ಕಾಣಬೇಕು. ಶ್ರೀನಗರದ ತೋಟಕ್ಕೆ ಆ ಚಳಿ ಪುಕ್ಕಟೆ. ನಿಮಗೆ ಬಿಳಿಗಿರಿರಂಗನ ಬೆಟ್ಟ ಹತ್ತಿರವಿದ್ದರೂ ಅಲ್ಲೂ ಅಷ್ಟು ದೀರ್ಘ ಚಳಿಯಿಲ್ಲ.

ಹಟವಿದ್ದರೆ ಫ್ರಿಜ್ ಇದೆಯಲ್ಲ! ಗಣೇಶನ ಹಬ್ಬ ಮುಗಿದ ಮೇಲೆ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ತರಕಾರಿ ಡಬ್ಬಿಯಲ್ಲಿಡಿ. ಪಕ್ಕದಲ್ಲಿ ಸೇಬು ಮಾತ್ರ ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಕರಟಿಹೋಗುತ್ತದೆ. ಡಿಸೆಂಬರ್ ಕೊನೆಗೆ ನೀರು ಬಸಿದುಹೋಗುವ ಕುಂಡದಲ್ಲಿ, ಚೂಪು ತುದಿ ಮೇಲಾಗಿ ನೆಟ್ಟು ನೆರಳಲ್ಲಿಡಿ. ಹೂ ಬಂದರೂ ಒಂದೇ ಸಲ. ಮುಂದಿನ ವರ್ಷಕ್ಕೆ ಗೆಡ್ಡೆ ಮತ್ತೆ ಬಲಿಯುವ ಮೊದಲೇ ನಮ್ಮ ಬಿಸಿಲು ಎಲೆಯನ್ನು ಒಣಗಿಸಿಬಿಡುತ್ತದೆ.

ನನ್ನನ್ನು ಕೇಳಿದರೆ ಆ ದುಡ್ಡಿಗೆ ಸುಗಂಧರಾಜ ನೆಡಿ. ಅದೂ ಹೊರಗಿನದೇ, ಮೆಕ್ಸಿಕೋ ಮೂಲದ್ದು. ಆದರೆ ಚಳಿ ಬೇಡುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’ ತಳಿ ಬಿಡಿ ಹೂವಿಗೆ ಚೆನ್ನ. ಬೇಸಿಗೆಯಲ್ಲೇ ಬಣ್ಣ ಬೇಕೆಂದರೆ ಮೇ ಫ್ಲವರ್ ಗೆಡ್ಡೆ ಹಾಕಿ. ಮೊದಲ ಮಳೆ ಬಿದ್ದರೆ ಸಾಕು, ಕೆಂಪು ಚೆಂಡು ಎದ್ದು ನಿಲ್ಲುತ್ತದೆ. ಅಕ್ಕಪಕ್ಕದ ಮನೆಯಲ್ಲಿದ್ದರೆ ಒಂದು ಮರಿಗೆಡ್ಡೆ ಕೇಳಿ ತನ್ನಿ.