ಚಪ್ಪರದ ಕಂಬದ ಹಿಂದಿನ ಬೆಳಕು

ಅಲೆವೂರಿನ ಮದುವೆ ಮನೆ. ಸಂಜೆ ಏಳೂವರೆಯ ಹೊತ್ತು. ಅಂಗಳದ ತುಂಬ ಚಪ್ಪರ, ಕಂಬಗಳಿಗೆ ಸುತ್ತಿದ ಹಳದಿ ಮಾಲೆದೀಪ, ತುಳಸಿಕಟ್ಟೆಯ ಪಕ್ಕದಲ್ಲಿ ಕುರ್ಚಿಗಳ ಸಾಲು, ಹಿತ್ತಿಲಿನಿಂದ ಒಗ್ಗರಣೆಯ ಪರಿಮಳ. ಜಗಲಿಯಲ್ಲಿ ಮದುಮಗಳು ಎರಡೂ ಕೈ ಚಾಚಿ ಮದರಂಗಿಗೆ ಕೂತಿದ್ದಾಳೆ. ಜಡೆಯ ಮೇಲೆ ಶಂಕರಪುರ ಮಲ್ಲಿಗೆ.

ಫೋಟೋಗ್ರಾಫರ್ ಬಂದವನೇ ಕ್ಯಾಮೆರಾ ಎತ್ತುವುದಿಲ್ಲ. ಕತ್ತಲು ಎಲ್ಲಿದೆ, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಮೊದಲು ಚಪ್ಪರವನ್ನೇ ಸುತ್ತಿ ನೋಡುತ್ತಾನೆ. ಬಳಿಕ ಜಗಲಿಯ ಎಡಕ್ಕೆ ಒಂದು ಸ್ಟ್ಯಾಂಡ್ ನಿಲ್ಲುತ್ತದೆ. ಅದರ ಮೇಲೆ ಬಿಳಿ ಕೊಡೆ, ಕೊಡೆಯೊಳಗೆ ಫ್ಲ್ಯಾಶ್. ಇನ್ನೊಂದು ಫ್ಲ್ಯಾಶ್ ಹಿಡಿದ ಹುಡುಗ ಜಾಗ ಹುಡುಕುತ್ತಾನೆ.

"ಸ್ವಲ್ಪ ಈಚೆ ತಾ ಮಾರಾಯ."

"ಇಲ್ಲಿ ಅಜ್ಜಿ ಕೂತಿದ್ದಾರಲ್ಲ ಅಣ್ಣಾ."

"ಹಾಗಾದ್ರೆ ಅವರನ್ನು ಏಳಿಸ್ಬೇಡ. ಕಂಬದ ಹಿಂದೆಯೇ ಇಡು."

ಕ್ಯಾಮೆರಾದ ನೆತ್ತಿಯ ಹಾಟ್‌ಶೂಗೆ ಅಂಗೈಯಗಲದ ಟ್ರಿಗ್ಗರ್ ಕೂರುತ್ತದೆ. ಅದಕ್ಕೆ ಬೇಕಾದದ್ದು ಎರಡು ಪೆನ್ಸಿಲ್ ಸೆಲ್ ಮಾತ್ರ. ಬೆರಳು ಗುಂಡಿ ಒತ್ತಿ ಶಟರ್ ತೆರೆದ ಗಳಿಗೆಯಲ್ಲೇ 2.4 ಗಿಗಾಹರ್ಟ್ಸ್‌ನ ರೇಡಿಯೊ ಸಂಕೇತ ಹೊರಡುತ್ತದೆ. ಮನೆಯ ವೈಫೈ, ಬ್ಲೂಟೂತ್‌ಗಳೂ ಓಡಾಡುವ ಅಲೆಪಟ್ಟಿ ಅದು. ಕಂಬ ಅಡ್ಡವಿರಲಿ, ಅಜ್ಜಿ ಅಡ್ಡವಿರಲಿ, ಎರಡೂ ಫ್ಲ್ಯಾಶ್‌ಗಳು ಒಟ್ಟಿಗೇ ಮಿನುಗುತ್ತವೆ.

ಹಿಂದೆ ಇದೇ ಕೆಲಸಕ್ಕೆ ಕ್ಯಾಮೆರಾದಿಂದ ಫ್ಲ್ಯಾಶ್‌ವರೆಗೆ ವಯರ್ ಎಳೆಯಬೇಕಿತ್ತು. ಓಡಾಡುವ ಮಕ್ಕಳ ಕಾಲಿಗೆ ಅದು ಸಿಕ್ಕುವ ಭಯ. ಬೆಳಕು ಕಂಡು ಹೊತ್ತಿಕೊಳ್ಳುವ ಸ್ಲೇವ್ ಬಂದ ಮೇಲೆ ಬೇರೆಯೇ ತೊಂದರೆ: ನೆಂಟರ ಕ್ಯಾಮೆರಾ ಮಿನುಗಿದರೂ ಅದು ಹೊತ್ತಿಕೊಳ್ಳುತ್ತಿತ್ತು, ಕಂಬ ಅಡ್ಡ ಬಂದರೆ ಸುಮ್ಮನಿರುತ್ತಿತ್ತು. ರೇಡಿಯೊದಲ್ಲಿ ಚಾನೆಲ್ ಬೇರೆ ಮಾಡಿಕೊಂಡರೆ ಸಾಕು, ಒಂದೇ ಅಂಗಳದಲ್ಲಿ ಇಬ್ಬರು ಫೋಟೋಗ್ರಾಫರ್‌ಗಳು ಒಬ್ಬರ ಬೆಳಕಿಗೆ ಇನ್ನೊಬ್ಬರು ಕೈಹಾಕದೆ ದುಡಿಯಬಹುದು.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಉತ್ತರ ಮದುಮಗಳ ಜಡೆಯಲ್ಲೇ ಇದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒಂದೊಂದೇ ಮೊಗ್ಗು ಪೋಣಿಸಿದ ಕೈಗಳ ದುಡಿಮೆ ಅದು. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಎದುರಿನಿಂದಲೇ ಹೊಡೆದರೆ ಎಲ್ಲ ಮೊಗ್ಗುಗಳೂ ಸೇರಿ ಸುಣ್ಣದ ಗೆರೆಯಾಗುತ್ತವೆ. ಕಂಬದ ಹಿಂದಿನಿಂದ ಓರೆಯಾಗಿ ಬಂದ ಬೆಳಕಿಗೆ ಪ್ರತಿ ಮೊಗ್ಗಿನ ತುದಿ, ಅದರ ಪುಟ್ಟ ನೆರಳು, ನಾರಿನ ಗಂಟು ಕೂಡ ಕಾಣುತ್ತದೆ.

ಎಡಗಡೆಯ ಫ್ಲ್ಯಾಶ್ 'ಎ' ಗುಂಪು, ಕಂಬದ ಹಿಂದಿನದು 'ಬಿ'. ಕೆನ್ನೆಯ ಮೇಲೆ ಬೆಳಕು ಹೆಚ್ಚಾಯಿತೆಂದರೆ ನಿಂತಲ್ಲಿಂದಲೇ ಟ್ರಿಗ್ಗರಿನ ಗಾಲಿ ತಿರುಗಿಸಿ 'ಎ'ಯನ್ನು ಅರ್ಧಕ್ಕಿಳಿಸುತ್ತಾನೆ. ಫ್ಲ್ಯಾಶನ್ನು 2 ಮೀಟರಿನಿಂದ 4 ಮೀಟರಿಗೆ ಸರಿಸಿದರೆ ಕಾಲು ಪಾಲು ಬೆಳಕಷ್ಟೇ ತಲಪುತ್ತದೆ. ಈ ಲೆಕ್ಕ ಅವನಿಗೆ ಬಾಯಿಪಾಠ. ಶಟರ್ ವೇಗವನ್ನು ಸೆಕೆಂಡಿನ 1/60ಕ್ಕೆ ಇಳಿಸುತ್ತಾನೆ. ಮುಖ ತಿಳಿಯಾಗಿ ಮೂಡುತ್ತದೆ, ಹಿಂದಿನ ಮಾಲೆದೀಪದ ಹಳದಿಯೂ ಉಳಿಯುತ್ತದೆ. ಚಿತ್ರ ನೋಡಿದವರಿಗೆ ಇದು ರಾತ್ರಿಯ ಅಂಗಳವೆಂದು ತಿಳಿಯಬೇಕು, ಸ್ಟುಡಿಯೊ ಅಲ್ಲ.

ಯಕ್ಷಗಾನ ಬಯಲಾಟದ ಬಣ್ಣ ಹಚ್ಚುವ ಚೌಕಿಯಲ್ಲೂ ಇದೇ ಪಾಠ. ಬಣ್ಣದ ವೇಷಧಾರಿಯ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವ ಕೆಲಸ ಗಂಟೆಗಟ್ಟಲೆಯದು. ಆ ಮುಳ್ಳುಮುಳ್ಳಾದ ಉಬ್ಬು ಕಾಣುವುದು ಬದಿಯ ಬೆಳಕಿನಲ್ಲಿ. ಕಲಾವಿದರ ಒಪ್ಪಿಗೆ ಪಡೆದು ಒಂದು ಫ್ಲ್ಯಾಶನ್ನು ಮೂಲೆಯಲ್ಲಿಟ್ಟರೆ ಅವರ ಏಕಾಗ್ರತೆಗೂ ಭಂಗವಿಲ್ಲ. ದೈವದ ಕೋಲದಲ್ಲಿ ಮಾತ್ರ ಟ್ರಿಗ್ಗರ್ ಚೀಲದಲ್ಲೇ ಇರಬೇಕು. ಅಲ್ಲಿ ದೀವಟಿಗೆಯ ಬೆಳಕೇ ಸಾಕು, ಅದೇ ಸರಿ.

ಮಣಿಪಾಲ, ಉಡುಪಿ, ಕಾಪು, ಕಾರ್ಕಳದ ಹುಡುಗ ಹುಡುಗಿಯರು ಇಂದು ಒಳ್ಳೊಳ್ಳೆಯ ಕ್ಯಾಮೆರಾ ಹಿಡಿದಿದ್ದಾರೆ. ಅವರಲ್ಲಿ ಒಂದು ವಿನಂತಿ: ಮತ್ತೊಂದು ಲೆನ್ಸಿಗೆ ದುಡ್ಡು ಕೂಡಿಸುವ ಮೊದಲು ಒಂದು ಟ್ರಿಗ್ಗರ್, ಒಂದು ಸ್ಟ್ಯಾಂಡ್, ಒಂದು ಬಿಳಿ ಕೊಡೆ ಕೊಳ್ಳಿ. ಬೆಳಕನ್ನು ಕ್ಯಾಮೆರಾದಿಂದ ಬಿಡಿಸಿ ಬದಿಗೆ ನಿಲ್ಲಿಸಿ. ಮದುವೆ ಮನೆಯವರೇ, ಚಪ್ಪರದ ಕಂಬದ ಬಳಿ ಎರಡಡಿ ಜಾಗ ಬಿಟ್ಟುಕೊಡಿ. ನಿಮ್ಮ ಮನೆಯ ಮಲ್ಲಿಗೆ ಮಲ್ಲಿಗೆಯಾಗಿಯೇ ಆಲ್ಬಮ್ಮಿನಲ್ಲಿ ಉಳಿಯುತ್ತದೆ.