ಸಂಕೋಚಕ್ಕೆ ಮದ್ದು

ನ್ಯೂಯಾರ್ಕಿನ ತರುಣ ಆಲ್ಬರ್ಟ್ ಎಲಿಸ್ ಸಂಕೋಚದ ಮುದ್ದೆಯಾಗಿದ್ದನು. ಅಪರಿಚಿತ ಯುವತಿಯರ ಮುಂದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ತಿರಸ್ಕರಿಸಿಬಿಟ್ಟರೆ ಗತಿಯೇನೆಂಬ ಅಳುಕು. 19ನೆಯ ವಯಸ್ಸಿನಲ್ಲಿ ಅವನು ತನಗೆ ತಾನೇ ಒಂದು ವ್ರತ ವಿಧಿಸಿಕೊಂಡನು: ಬ್ರಾಂಕ್ಸ್ ಸಸ್ಯೋದ್ಯಾನದ ಬೆಂಚುಗಳಲ್ಲಿ ಒಂಟಿಯಾಗಿ ಕುಳಿತ ಹೆಂಗಸರನ್ನು ಒಂದು ತಿಂಗಳ ಕಾಲ ಮಾತನಾಡಿಸುವುದು!

ಎಲಿಸ್ ಮುಂದೆ ಹೇಳಿದ ಲೆಕ್ಕದಂತೆ, 30 ಮಂದಿ ಎದ್ದು ಹೋದರು. 100 ಮಂದಿ ಮಾತನಾಡಿದರು. ಮತ್ತೆ ಭೇಟಿಯಾಗಲು ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲ. ಆದರೂ ಆಕಾಶ ಕಳಚಿ ಬೀಳಲಿಲ್ಲ, ಕಳಚಿದ್ದು ಅಂಜಿಕೆ. ‘ತಿರಸ್ಕಾರವನ್ನು ಸಹಿಸಲಾರೆ’ ಎಂಬ ಎಣಿಕೆ ‘ಅಹಿತ, ಆದರೆ ಸಹ್ಯ’ ಎಂದು ಮಾರ್ಪಟ್ಟಿತು.

1955ರಲ್ಲಿ, ಮನಶ್ಶಾಸ್ತ್ರಜ್ಞರಾಗಿದ್ದ ಎಲಿಸ್ ರೂಪಿಸಿದ ಚಿಕಿತ್ಸೆಯ ತಿರುಳೂ ಇದೇ: ಅಂಜಿಸುವುದು ಜನರಲ್ಲ, ಮನಸ್ಸಿನ ಎಣಿಕೆ. ಅದನ್ನು ವಾದದಿಂದ ಪ್ರಶ್ನಿಸಬೇಕು, ಕೃತಿಯಿಂದ ಪರೀಕ್ಷಿಸಬೇಕು.