ಹಿತ್ತಲ ಸೌತೆ: ಎಳೆಯದಿದ್ದಾಗಲೇ ಕೊಯ್ಯಿರಿ



“ಬಳ್ಳಿ ತುಂಬ ಹೂವಿತ್ತು, ನಾಲ್ಕೇ ಕಾಯಿ ಬಿಟ್ಟು ನಿಂತುಹೋಯ್ತು” ಅಂತ ಹಲವರು ಹೇಳುವುದುಂಟು. ಕೋಸಂಬರಿಗೆ ಬೆಳೆಯುವ ಸೌತೆಯಲ್ಲಿ ಒಂದು ಕಾಯಿ ಬಲಿತು ಹಳದಿಯಾದರೂ ಸಾಕು, ಬಳ್ಳಿಯ ಸತ್ವ ಅದರ ಬೀಜಕ್ಕೆ ಹೋಗುತ್ತದೆ. ಹೊಸ ಹೀಚು ನಿಲ್ಲುವುದು ಕಡಿಮೆ.

ಕೊಟ್ಟಿಗೆ ಗೊಬ್ಬರ ಹಾಕಿದ ಗುಣಿಗೆ 3-4 ಬೀಜ ಊರಿ, ಮೊಳೆತ ಮೇಲೆ ಎರಡು ಸಸಿ ಉಳಿಸಿ, ಚಪ್ಪರಕ್ಕೆ ಹಬ್ಬಿಸಿ. ಮೊದಲು ಬರುವವು ಗಂಡು ಹೂ, ಉದುರಿದರೆ ಹೆದರಬೇಡಿ. ನೀರು ತಪ್ಪಿಸಬೇಡಿ, ಕಾಯಿ ಕಹಿಯಾದೀತು.

ಬಿತ್ತಿದ ಸುಮಾರು 45-50 ದಿನಕ್ಕೆ ಕೊಯ್ಲು. ದಿನ ಬಿಟ್ಟು ದಿನ ಎಲೆ ಸರಿಸಿ ನೋಡಿ. ಎಳೆಗಾಯನ್ನು ತೊಟ್ಟು ಸಮೇತ ಚಾಕುವಿನಿಂದ ಕೊಯ್ಯಿರಿ. ಜಗ್ಗಿದರೆ ಬಳ್ಳಿಯೇ ಕಿತ್ತು ಬಂದೀತು. ಬೀಜಕ್ಕೆ ಬೇಕೆ? ಒಳ್ಳೆಯ ಬಳ್ಳಿಯೊಂದನ್ನು ಬೇರೆಯೇ ಮೀಸಲಿಡಿ. ಮಿಕ್ಕ ಬಳ್ಳಿಗಳಲ್ಲಿ ಕಾಯಿ ಕೊಯ್ದಷ್ಟೂ ಬಿಡುತ್ತದೆ.